ಅಣ್ಣನ ಹೆಸರಿನಲ್ಲಿ ಚಂದಾ ಎತ್ತಿದ ವರ್ಷ

ಅಣ್ಣ ತೀರಿಕೊಂಡದ್ದು 2023ರ ಆಗಸ್ಟಿನಲ್ಲಿ. ತಿಥಿಯ ಕಾರ್ಡಿನಲ್ಲಿ ‘ಅಕಾಲಿಕ ನಿಧನ’ ಎಂದು ಅಚ್ಚಾಯಿತು. ಕೇಳಿದವರಿಗೆಲ್ಲ ‘ಹಾರ್ಟ್ ಅಟ್ಯಾಕ್’ ಎಂದು ನಾವೇ ಹೇಳಿದೆವು. ಅವನು ಆತ್ಮಹತ್ಯೆಯಿಂದ ಹೋದ ಎಂಬ ನಿಜ ಗೊತ್ತಿಲ್ಲದವರು ಊರಿನಲ್ಲಿ ಯಾರೂ ಇರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು, ‘ಈ ವಯಸ್ಸಿಗೇ ಹಿಂಗಾಗಬಾರದಿತ್ತು’ ಎಂದರು, ಮತ್ತು ಆ ಸುಳ್ಳನ್ನು ನಮ್ಮೊಂದಿಗೆ ಒಂದು ವರ್ಷ ಜೋಪಾನವಾಗಿ ಕಾಪಾಡಿದರು. ಅದು ಒಡೆದದ್ದು ಗಂಡಸರ ಮನಸ್ಸಿನ ಆರೋಗ್ಯಕ್ಕಾಗಿ ಅಣ್ಣನ ಹೆಸರಿನಲ್ಲಿ ಹಣ ಕೇಳಲು ಹೊರಟಾಗ. ಆ ಹಣ ಹೇಗೆ ಕೂಡಿತು, ಎಲ್ಲಿಗೆ ಹೋಯಿತು ಎಂಬುದನ್ನು ಕೊಟ್ಟವರಿಗೆ ತಿಳಿಸುವುದು ನನ್ನ ಹೊಣೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

2024ರ ಜುಲೈನಲ್ಲಿ ವರ್ಷದ ಕಾರ್ಯಕ್ಕೆ ಮನೆಯಲ್ಲಿ ಲೆಕ್ಕ ಹಾಕುತ್ತಿದ್ದೆವು. ನಾನೂರು ಜನಕ್ಕೆ ಊಟ, ಶಾಮಿಯಾನ, ಪಾತ್ರೆ ಬಾಡಿಗೆ, ನೆಂಟರಿಗೆ ಬಟ್ಟೆ ಎಲ್ಲ ಸೇರಿ ಒಂದೂವರೆ ಲಕ್ಷ ದಾಟುತ್ತಿತ್ತು. ಅಲ್ಲಿಯವರೆಗೆ ಒಂದು ಮಾತೂ ಆಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, “ಊಟ ಎಲ್ರ ಮನೇಲೂ ಐತೆ ಕಣಪ್ಪ. ಆ ದುಡ್ಡಲ್ಲಿ ಇನ್ನೊಬ್ರ ಮನೇಲಿ ಹಿಂಗಾಗ್ದಂಗೆ ಏನಾದ್ರೂ ಮಾಡಕಾಗುತ್ತಾ ನೋಡು” ಎಂದರು. ಅವ್ವ ಆ ದಿನ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ, ಐದು ಜನಕ್ಕಾದರೂ ಎಡೆ ಹಾಕಿ ಊಟಕ್ಕಿಡಬೇಕು, ಮಿಕ್ಕಿದ್ದು ನಿಮ್ಮಿಷ್ಟ ಎಂದರು. ಹಾಗೆ ಮೊದಲ ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿ ಅಣ್ಣನ ಊಟದ ದುಡ್ಡಿನಿಂದಲೇ ಬಂತು.

ನಮ್ಮ ಊರು ತಿಪಟೂರಿನಿಂದ ಹದಿನಾಲ್ಕು ಕಿಲೋಮೀಟರ್. ಅಣ್ಣನದು ಮೂರೂವರೆ ಎಕರೆ ತೆಂಗಿನ ತೋಟ ಮತ್ತು ಬಸ್ ನಿಲ್ದಾಣದ ಎದುರಿಗೆ ಒಂದು ಗೊಬ್ಬರದ ಅಂಗಡಿ. ಉಂಡೆ ಕೊಬ್ಬರಿ ಮಾಡುವವರ ಬದುಕು ಕಾಯುವ ಬದುಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೊಂದು ತಿಂಗಳು ಬಿಡಬೇಕು; ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅಣ್ಣ ವಾರಕ್ಕೊಮ್ಮೆ ಅಟ್ಟ ಹತ್ತಿ ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಸದ್ದು ಕೇಳಿಯೇ ಇದಕ್ಕೆ ಇನ್ನು ಒಂದು ತಿಂಗಳು, ಇದಕ್ಕೆ ಎರಡು ಎನ್ನುತ್ತಿದ್ದ. 2021ರಲ್ಲಿ ಕ್ವಿಂಟಾಲಿಗೆ ಒಳ್ಳೆಯ ಬೆಲೆ ಕಂಡಿದ್ದ ಕೊಬ್ಬರಿ 2023ರಲ್ಲಿ ಕೇಂದ್ರ ಸರ್ಕಾರದ ಬೆಂಬಲ ಬೆಲೆಯಾದ 11,750 ರೂಪಾಯಿಗಿಂತಲೂ ಎಷ್ಟೋ ಕೆಳಕ್ಕೆ ಇಳಿದು ಕೂತಿತು. ಆ ವರ್ಷದ ಯುಗಾದಿಯಿಂದ ಈಚೆಗೆ ಅಣ್ಣ ಅಟ್ಟ ಹತ್ತುವುದನ್ನೇ ಬಿಟ್ಟಿದ್ದ ಎಂಬುದನ್ನು ಅತ್ತಿಗೆ ನನಗೆ ಹೇಳಿದ್ದು ಅವನು ಹೋದ ಮೇಲೆ.

ಬೆಲೆ ಬಿದ್ದದ್ದರಿಂದ ಅಣ್ಣ ಹೋದ ಎಂದು ಮಾತ್ರ ಯಾರೂ ತಿಳಿಯಬಾರದು. ಅದೇ ಬೆಲೆಗೆ ಕೊಬ್ಬರಿ ಮಾರಿದ ಸಾವಿರಾರು ಜನ ನಮ್ಮ ನಡುವೆ ಇದ್ದಾರೆ. ಅದಕ್ಕಿಂತ ಕೆಟ್ಟ ಕಾಲವನ್ನು ಅಣ್ಣನೇ ಹಿಂದೆ ದಾಟಿದ್ದ. ಆತ್ಮಹತ್ಯೆಗೆ ಒಂದೇ ಕಾರಣವನ್ನು ಹುಡುಕಿ ಅದರ ಮೇಲೆ ಎಲ್ಲವನ್ನೂ ಹೊರಿಸಿಬಿಡುವುದು ಉಳಿದವರಿಗೆ ಸಮಾಧಾನ ಕೊಡಬಹುದು, ಆದರೆ ಅದು ನಿಜವಲ್ಲ. ಅವನಿಗೆ ಕಾಯಿಲೆಯಿತ್ತು. ಆರು ತಿಂಗಳಿನಿಂದ ನಿದ್ದೆ ಹತ್ತುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಎದೆ ಭಾರ ಎನ್ನುತ್ತಿದ್ದ. ಅವನ ಬಾಯಲ್ಲಿ ‘ಬೇಜಾರು’ ಎಂಬ ಪದ ಒಮ್ಮೆಯೂ ಬರಲಿಲ್ಲ, ‘ಗ್ಯಾಸ್ಟ್ರಿಕ್’ ಎನ್ನುತ್ತಿದ್ದ. ನಮ್ಮ ಕಡೆಯ ಗಂಡಸರು ಮನಸ್ಸಿನ ನೋವನ್ನು ಹೊಟ್ಟೆಯ ಲೆಕ್ಕಕ್ಕೆ ಬರೆದು ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಾರೆ, ಅಣ್ಣನೂ ಕೊಂಡ. ನಾನು ಫೋನ್ ಮಾಡಿದಾಗಲೆಲ್ಲ ‘ತಲೆ ಕೆಡಿಸ್ಕೋಬೇಡ, ಧೈರ್ಯವಾಗಿರು’ ಎಂದಿದ್ದೇನೆ. ಅದನ್ನು ಬಿಟ್ಟು ಬೇರೆ ಏನನ್ನು ಹೇಳಬೇಕು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಅವನು ವೈದ್ಯರ ಬಳಿಗೆ ಹೋಗಲೇ ಇಲ್ಲ ಎಂದುಕೊಂಡಿದ್ದೆವು. ತಿಥಿ ಮುಗಿದ ಮೇಲೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ರಸೀದಿ ಪುಸ್ತಕದ ಕೆಳಗೆ, ಒಂದು ಚೀಟಿಯೂ ಮೂರು ಸ್ಟ್ರಿಪ್ ಮಾತ್ರೆಯೂ ಸಿಕ್ಕವು. ಎಪ್ಪತ್ತು ಕಿಲೋಮೀಟರಿಗೂ ಮಿಗಿಲಾದ ದೂರದ ಪಟ್ಟಣದಲ್ಲಿ, ಯಾರಿಗೂ ಹೇಳದೆ, ಮನೋವೈದ್ಯರೊಬ್ಬರ ಖಾಸಗಿ ಕ್ಲಿನಿಕ್ಕಿಗೆ ಜೂನ್ ತಿಂಗಳಲ್ಲಿ ಒಮ್ಮೆ ಹೋಗಿ ಬಂದಿದ್ದ. ಮೂವತ್ತು ಮಾತ್ರೆಗಳಲ್ಲಿ ಹನ್ನೆರಡು ಖಾಲಿಯಾಗಿದ್ದವು, ಹದಿನೆಂಟು ಉಳಿದಿದ್ದವು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು, ನಡುವೆ ತಾನೇ ನಿಲ್ಲಿಸಬಾರದು ಎಂಬುದನ್ನು ಆ ಕ್ಲಿನಿಕ್ಕಿನಲ್ಲಿ ಅವನಿಗೆ ಯಾರಾದರೂ ಕೂರಿಸಿ ಹೇಳಿದರೋ, ಹೇಳಿದ್ದು ಅವನ ತಲೆಗೆ ಹೋಗುವ ಸ್ಥಿತಿಯಿತ್ತೋ, ಈಗ ಕೇಳುವಂತಿಲ್ಲ. ಚೀಟಿಯ ಹಿಂದೆ ಅವನ ಕೈಬರಹದಲ್ಲಿ ಒಂದು ಲೆಕ್ಕವಿತ್ತು: ಬಸ್ಸು, ಫೀಸು, ಔಷಧ, ಮತ್ತು ಕೊನೆಯಲ್ಲಿ ‘ಅಂಗಡಿ ಬಾಗ್ಲು 1 ದಿನ’. ಅಂಗಡಿ ಮುಚ್ಚಿದ ಒಂದು ದಿನವನ್ನೂ ಅವನು ಖರ್ಚಿಗೆ ಹಾಕಿದ್ದ. ಎರಡನೇ ಸಲ ಹೋಗಬೇಕಿದ್ದ ತಾರೀಖು ಚೀಟಿಯಲ್ಲಿ ಬರೆದಿತ್ತು. ಅವನು ಹೋಗಿರಲಿಲ್ಲ.

ಇದರ ಮುಂದಿನ ವಿಷಯ ನನ್ನನ್ನು ಇಂದಿಗೂ ಸುಡುತ್ತದೆ. ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. ಅದರಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುತ್ತಾರೆ. ಇದೇನು ನಿನ್ನೆ ಮೊನ್ನೆ ಹುಟ್ಟಿದ ಆಲೋಚನೆಯಲ್ಲ. ದೊಡ್ಡ ಆಸ್ಪತ್ರೆಯ ಬದಲು ಊರಿನ ಹತ್ತಿರವೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಹುದು ಎಂಬುದನ್ನು ನಿಮ್ಹಾನ್ಸ್‌ನ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಷ್ಟು ಹಿಂದೆ ನಮ್ಮದೇ ರಾಜ್ಯದಲ್ಲಿ ಕಂಡುಕೊಂಡ ದಾರಿ ನಮ್ಮ ಮನೆಯ ಹತ್ತಿರವೇ ಹಾದುಹೋಗಿತ್ತು, ನಮ್ಮಣ್ಣ ಅದನ್ನು ಅರಿಯದೆ ಒಂದು ದಿನದ ಅಂಗಡಿ ಮುಚ್ಚಿ ದೂರದ ಪಟ್ಟಣಕ್ಕೆ ಹೋದ. ಒಂದು ವೇಳೆ ತಿಳಿದಿದ್ದರೂ ಹೋಗುತ್ತಿದ್ದನೇ? ತಾಲ್ಲೂಕು ಆಸ್ಪತ್ರೆಯ ಆ ಕೋಣೆಯ ಮುಂದೆ ಕೂತರೆ ಪರಿಚಯದವರು ನೋಡುತ್ತಾರೆ ಎಂದು ಹೆದರುತ್ತಿದ್ದನೇನೋ. ಆದರೆ ಜೊತೆಗೆ ನಾನು ಕೂತಿದ್ದರೆ ಅವನು ಕೂರುತ್ತಿದ್ದ ಎಂಬುದನ್ನು ನಾನು ಬಲ್ಲೆ.

ಚಂದಾ ಎತ್ತುವುದು ನಮಗೆ ಹೊಸದಲ್ಲ. ಗಣೇಶ, ರಾಜ್ಯೋತ್ಸವ, ಜಾತ್ರೆ, ದೇವಸ್ಥಾನದ ಗೋಪುರ, ಯಾವುದಕ್ಕಾದರೂ ರಸೀದಿ ಪುಸ್ತಕ ಹಿಡಿದು ಹೊರಟರೆ ಯಾರೂ ‘ಯಾಕೆ’ ಎನ್ನುವುದಿಲ್ಲ. ಗಂಡಸರ ಮನಸ್ಸಿನ ಆರೋಗ್ಯಕ್ಕೆ ಹಣ ಕೊಡಿ ಎಂದಾಗ ಮಾತ್ರ ‘ಯಾಕೆ’ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಕೊಡದೆ ದಾರಿಯಿಲ್ಲ. ನಾನು ಬರೆದ ಮೊದಲ ವಾಟ್ಸಾಪ್ ಮನವಿಯಲ್ಲಿ ‘ನಮ್ಮನ್ನು ಅಕಾಲದಲ್ಲಿ ಅಗಲಿದ ಅಣ್ಣನ ಸವಿನೆನಪಿಗಾಗಿ’ ಎಂದಿತ್ತು. ಅತ್ತಿಗೆ ಓದಿ ಫೋನನ್ನು ವಾಪಸು ಕೊಟ್ಟು, “ಎದೆನೋವು ಅಂತ ಹೇಳಿ ಹೇಳಿ ನಂಗೆ ಸಾಕಾಗೈತೆ. ಇದ್ದಿದ್ ಇದ್ದಂಗೆ ಬರಿ” ಎಂದರು. ‘ನನ್ನ ಅಣ್ಣ ಆತ್ಮಹತ್ಯೆಯಿಂದ ತೀರಿಕೊಂಡ’ ಎಂದು ಬರೆದೆ. ಎಲ್ಲರೂ ಹೇಳುವುದು ‘ಆತ್ಮಹತ್ಯೆ ಮಾಡಿಕೊಂಡ’ ಎಂದೇ. ಆ ‘ಮಾಡಿಕೊಂಡ’ದಲ್ಲಿ ತಪ್ಪು ಮಾಡಿಕೊಂಡ, ಸಾಲ ಮಾಡಿಕೊಂಡ ಎಂಬ ಧ್ವನಿ ನನಗೆ ಕೇಳುತ್ತದೆ, ಕಾಯಿಲೆಯಿಂದ ಹೋದವನ ಬಗ್ಗೆ ಅದನ್ನು ಬಳಸಲು ಕೈ ಬರಲಿಲ್ಲ. ಕಾನೂನು ಕೂಡ ಈ ವಿಷಯದಲ್ಲಿ ನಮ್ಮ ಮಾತಿಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿ ಬದುಕಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಮತ್ತು ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡಿಸುವುದು ಸರ್ಕಾರದ ಕರ್ತವ್ಯ.

ಮನವಿಯಲ್ಲಿ ಅಂಕಿಅಂಶಗಳನ್ನೂ ಹಾಕಿದೆ, ಏಕೆಂದರೆ ‘ಗಂಡಸರಿಗೇ ಯಾಕೆ’ ಎಂದು ಕೇಳಿದವರು ಬಹಳ ಮಂದಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ ನೂರಕ್ಕೆ 71.8ರಷ್ಟು ಗಂಡಸರು. ಕರ್ನಾಟಕದಲ್ಲಿ ಆ ವರ್ಷ 13,606 ಸಾವುಗಳು. ದೇಶದ ಒಟ್ಟು ಸಾವುಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ದಿನಗೂಲಿಯವರವು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ನೂರಕ್ಕೆ 70ರಿಂದ 92ರವರೆಗಿದೆ ಎಂದು ಕಂಡುಕೊಂಡಿತು. ಹೆಂಗಸರ ನೋವು ಕಡಿಮೆ ಎಂದು ಇದರ ಅರ್ಥವಲ್ಲ. ಅಣ್ಣ ಹೋದ ಮೇಲೆ ಅಂಗಡಿ, ತೋಟ, ಇಬ್ಬರು ಮಕ್ಕಳ ಓದು ಎಲ್ಲವನ್ನೂ ಹೊತ್ತವರು ಅತ್ತಿಗೆಯೇ. ಗಂಡಸರು ಬಾಯಿ ಬಿಡದಿರುವುದರ ಭಾರ ಕೊನೆಗೆ ಬೀಳುವುದು ಹೆಂಗಸರ ಮೇಲೆ.

ಹಣ ಕೂಡಿಸಲು ಒಂದು ನಡಿಗೆ ಮಾಡುವ ಆಲೋಚನೆ ಬಂದದ್ದು ಅಣ್ಣನ ಶಾಲೆಯ ಗೆಳೆಯನಿಂದ. ಅವರು ಮೆಲ್ಬರ್ನ್‌ನಲ್ಲಿದ್ದಾರೆ. 2003ರಲ್ಲಿ ಅದೇ ಊರಿನ ಇಬ್ಬರು ಸ್ನೇಹಿತರು ಮೂವತ್ತು ಗಂಡಸರನ್ನು ಸೇರಿಸಿ ನವೆಂಬರ್ ಪೂರ್ತಿ ಮೀಸೆ ಬಿಡಲು ಹೊರಟದ್ದು ಮುಂದೆ ‘ಮೊವೆಂಬರ್’ ಎಂಬ ದೊಡ್ಡ ಚಳವಳಿಯಾಯಿತು. ಮೊದಲು ಪ್ರಾಸ್ಟೇಟ್ ಕ್ಯಾನ್ಸರಿಗೆ, ಆಮೇಲೆ ಗಂಡಸರ ಮಾನಸಿಕ ಆರೋಗ್ಯಕ್ಕೂ ಅದು ಹಣ ಕೂಡಿಸಿತು. ನಮ್ಮ ಕಡೆ ಮೀಸೆ ಬಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ, ಆದ್ದರಿಂದ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಆದರೆ ಪ್ರಪಂಚದಲ್ಲಿ ಗಂಟೆಗೆ 60 ಗಂಡಸರು ಆತ್ಮಹತ್ಯೆಯಿಂದ ಸಾಯುತ್ತಾರೆಂಬ ಲೆಕ್ಕದಲ್ಲಿ ತಿಂಗಳಿಗೆ 60 ಕಿಲೋಮೀಟರ್ ನಡೆಯುವ ಪದ್ಧತಿಯೂ ಅವರಲ್ಲಿದೆ. ದಿನಕ್ಕೆ ಎರಡು ಕಿಲೋಮೀಟರ್. ನಮ್ಮೂರ ಕೆರೆ ಏರಿಯ ಮೇಲೆ ಹೋಗಿ ಬಂದರೆ ಸರಿಯಾಗಿ ಅಷ್ಟಾಗುತ್ತದೆ.

2024ರ ನವೆಂಬರ್ ಒಂದರಂದು ಬೆಳಗಿನ ಐದೂವರೆಗೆ ನಾವು ಏಳು ಜನ ಇದ್ದೆವು. ನಾನು ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಮೊದಲ ವಾರ ಊರಲ್ಲೇ ಇದ್ದೆ, ಆಮೇಲೆ ಶನಿವಾರ ಭಾನುವಾರ ಬಂದೆ. ತಿಂಗಳ ಕೊನೆಗೆ ಮೂವತ್ತೆಂಟು ಜನರಾಗಿದ್ದರು. ಬೆಳಕು ಹರಿಯುವ ಮೊದಲು ಏರಿಯ ಮೇಲೆ ಮುಖ ಕಾಣುವುದಿಲ್ಲ, ಮುಂದೆ ಹೋಗುತ್ತಿರುವವರ ಪಂಚೆಯೋ ಟವೆಲ್ಲೋ ಮಾತ್ರ ಬೆಳ್ಳಗೆ ಕಾಣುತ್ತದೆ. ಮೂರನೇ ದಿನ ನನ್ನ ಪಕ್ಕ ನಡೆಯುತ್ತಿದ್ದವರು, ಅಣ್ಣನಿಗಿಂತ ದೊಡ್ಡವರು, ಊರಿನಲ್ಲಿ ಗಟ್ಟಿ ಮನುಷ್ಯ ಎಂದು ಹೆಸರಾದವರು, ಯಾವ ಪೀಠಿಕೆಯೂ ಇಲ್ಲದೆ, “ನಿಮ್ಮಣ್ಣುಂಗೆ ಆದಂಗೆ ನಂಗೂ ಎರಡು ಸಲ ಆಗಿತ್ತು” ಎಂದರು. ಮುಂದಕ್ಕೆ ಏರಿಯ ತೂಬಿನವರೆಗೆ ಇಬ್ಬರೂ ಮಾತಾಡಲಿಲ್ಲ. ತೂಬಿನ ಹತ್ತಿರ ನಿಂತು, ಈಗ ಹೇಗಿದ್ದೀರಿ, ಈಗಲೂ ಸಾಯಬೇಕು ಅನ್ನಿಸುತ್ತಾ ಎಂದು ಕೇಳಿದೆ. ಹಾಗೆ ನೇರವಾಗಿ ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅದು ಸುಳ್ಳು, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಸಲ ಭಾರ ಇಳಿಯುತ್ತದೆ ಎಂಬುದನ್ನು ನಾನು ಆ ವರ್ಷವಷ್ಟೇ ಕಲಿತಿದ್ದೆ. ಅಣ್ಣನನ್ನು ಕೇಳದೆ ಬಿಟ್ಟ ಪ್ರಶ್ನೆ ಅದು.

ಹಣದ ವಿಷಯದಲ್ಲಿ, ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲಿ ಎಂದು ಒಂದೆರಡು ಮಾತು. ನನ್ನ ಸ್ವಂತ ಖಾತೆಗೆ ಒಂದು ರೂಪಾಯಿಯನ್ನೂ ಹಾಕಿಸಿಕೊಳ್ಳಲಿಲ್ಲ. ಮಾನಸಿಕ ಆರೋಗ್ಯದ ಕೆಲಸದಲ್ಲಿರುವ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ನೋಂದಣಿಯಿರುವ ಒಂದು ಚಿಕ್ಕ ಟ್ರಸ್ಟ್‌ನೊಂದಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಂಡು ಅದರ ಖಾತೆಗೇ ಹಾಕಿಸಿದೆವು. ತೆರಿಗೆ ವಿನಾಯಿತಿ ಬೇಕೆಂದವರಿಗೆ ಎರಡು ಸಾವಿರಕ್ಕಿಂತ ಹೆಚ್ಚಿನ ನಗದಿಗೆ ಅದು ಸಿಗದು ಎಂದು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ತೊಡಕಾದದ್ದು ವಿದೇಶದ ಹಣ. ದುಬೈನಲ್ಲಿರುವ ಸೋದರತ್ತೆಯ ಮಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವುದರಿಂದ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ. ನಡಿಗೆಯ ಆಲೋಚನೆ ಕೊಟ್ಟ ಮೆಲ್ಬರ್ನ್‌ನ ಗೆಳೆಯರು ಆಸ್ಟ್ರೇಲಿಯಾದ ಪೌರತ್ವ ಪಡೆದವರು. ಅವರ ಹಣ ಕಾನೂನಿನ ದೃಷ್ಟಿಯಲ್ಲಿ ವಿದೇಶಿ ವಂತಿಗೆ, ಅದಕ್ಕೆ ಬೇಕಾದ ಎಫ್‌ಸಿಆರ್‌ಎ ನೋಂದಣಿಯಿಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. ಅವರು ಬಹಳ ನೊಂದುಕೊಂಡರು. ಕೊನೆಗೆ ನಮ್ಮ ನಡಿಗೆಯ ಹೊತ್ತಿಗೇ ಅಲ್ಲಿನ ಮೊವೆಂಬರ್‌ಗೆ ಅಣ್ಣನ ಹೆಸರಿನಲ್ಲಿ 60 ಕಿಲೋಮೀಟರ್ ನಡೆದು ಅಲ್ಲಿಯೇ ಹಣ ಕೂಡಿಸಿ ಕೊಟ್ಟರು. ಇಲ್ಲಿ ನಮ್ಮ ಮೊತ್ತ, ಊಟದ ಹಣವೂ ಸೇರಿ, 4,18,600 ರೂಪಾಯಿ ಆಯಿತು. ಅದರಲ್ಲಿ ಕೊಬ್ಬರಿ ಮಂಡಿಯ ಹಮಾಲಿಯೊಬ್ಬರು ಕೊಟ್ಟ 101 ರೂಪಾಯಿ ಇದೆ. ದುಡ್ಡು ಕೊಟ್ಟು, ರಸೀದಿ ಬೇಡವೆಂದು, ಸ್ವಲ್ಪ ಹೊತ್ತು ನಿಂತು, “ಆ ಡಾಕ್ಟ್ರು ಯಾವತ್ತು ಬರ್ತಾರೆ ಅಂದ್ರಿ?” ಎಂದು ಕೇಳಿದರು.

ಹಣ ಕೈಸೇರಿದಾಗ ಸಲಹೆಗಳೂ ಬಂದವು. ದೊಡ್ಡ ಸಭೆ ಮಾಡೋಣ, ಗಣ್ಯರನ್ನು ಕರೆಯೋಣ, ಹೆದ್ದಾರಿಯಲ್ಲಿ ಫ್ಲೆಕ್ಸ್ ಹಾಕಿಸೋಣ ಎಂದರು. ನಾನು ಮತ್ತು ಅತ್ತಿಗೆ ಒಪ್ಪಲಿಲ್ಲ. ಅಣ್ಣನಿಗೆ ಕಾಯಿಲೆಯಿದೆಯೆಂಬ ಅರಿವಿತ್ತು, ಇಲ್ಲದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ. ಅವನನ್ನು ಎರಡನೇ ಸಲ ಹೋಗದಂತೆ ತಡೆದದ್ದು ಅವನೇ ಬರೆದಿಟ್ಟ ಆ ಲೆಕ್ಕ, ಮತ್ತು ಒಂಟಿಯಾಗಿ ಹೋಗಬೇಕಾದ ನಾಚಿಕೆ. ಆದ್ದರಿಂದ ಹಣವೂ ಆ ಲೆಕ್ಕಕ್ಕೇ ಹೋಗಬೇಕು ಎಂದು ಹಠ ಹಿಡಿದೆವು. ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗುವವರಿಗೆ ಬಸ್ ಚಾರ್ಜು, ದಿನಗೂಲಿಯವರಾದರೆ ಅರ್ಧ ದಿನದ ಕೂಲಿ, ಆಸ್ಪತ್ರೆಯಲ್ಲಿ ದಾಸ್ತಾನಿಲ್ಲದ ಮಾತ್ರೆಗೆ ಹೊರಗಿನ ಅಂಗಡಿಯ ಬಿಲ್ಲು, ಮತ್ತು ಜೊತೆಗೆ ಒಬ್ಬ ಜೊತೆಗಾರ. ಜೊತೆಗಾರರಾಗಿ ನಡಿಗೆಗೆ ಬಂದವರಲ್ಲೇ ಒಂಬತ್ತು ಜನ ಹೆಸರು ಕೊಟ್ಟರು. ಹೆಂಡತಿಯೋ ತಾಯಿಯೋ ಜೊತೆಗೆ ಹೊರಟರೆ ಸರ್ಕಾರಿ ಬಸ್ಸಿನಲ್ಲಿ 2023ರಿಂದ ಅವರಿಗೆ ಶಕ್ತಿ ಯೋಜನೆಯ ಟಿಕೆಟ್ ಇದೆ, ಗಂಡಸರ ಟಿಕೆಟ್ಟಿನ ಹಣ ಮಾತ್ರ ನಮ್ಮದು. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೇ ಭೇಟಿಯ ತಾರೀಖಿನ ಹಿಂದಿನ ದಿನ ಒಬ್ಬರು ಮನೆಗೆ ಹೋಗಿ ‘ನಾಳೆ ಹೋಗೋಣ’ ಎಂದು ಹೇಳಿ ಬರಬೇಕು.

ಉಳಿದ ಭಾಗ ಒಂದು ದಿನದ ತರಬೇತಿಗೆ ಹೋಯಿತು. ಇದರ ಹಿಂದೆಯೂ ಒಂದು ಮಾತಿದೆ. ಅಣ್ಣನಿಗೆ ಇಪ್ಪತ್ತು ವರ್ಷದಿಂದ ಕ್ಷೌರ ಮಾಡುತ್ತಿದ್ದವರು ವರ್ಷದ ಕಾರ್ಯದ ದಿನ ನನ್ನನ್ನು ಪಕ್ಕಕ್ಕೆ ಕರೆದು, “ಮೂರು ತಿಂಗಳಿಂದ ಅಣ್ಣೋರು ಕನ್ನಡೀನೇ ನೋಡ್ತಿರ್ಲಿಲ್ಲ. ಕೂತವ್ರು ಕಣ್ಣು ಮುಚ್ಕೊಂಡ್ರೆ ಏಳೋವರ್ಗೂ ಬಿಡ್ತಿರ್ಲಿಲ್ಲ. ನಾನು ಯಾರಿಗ್ ಹೇಳ್ಬೇಕಿತ್ತು?” ಎಂದು ಕಣ್ಣೀರು ಹಾಕಿದರು. ನಾವು ಯಾರೂ ಗಮನಿಸದ್ದನ್ನು ಅವರು ಗಮನಿಸಿದ್ದರು. ಇಂಗ್ಲೆಂಡಿನ ಟಾರ್ಕಿ ಎಂಬ ಊರಿನಲ್ಲಿ ಟಾಮ್ ಚಾಪ್‌ಮನ್ ಎಂಬ ಕ್ಷೌರಿಕ, ಗೆಳೆಯನೊಬ್ಬ ಆತ್ಮಹತ್ಯೆಯಿಂದ ತೀರಿಕೊಂಡ ಬಳಿಕ, 2015ರಲ್ಲಿ ‘ಲಯನ್ಸ್ ಬಾರ್ಬರ್ ಕಲೆಕ್ಟಿವ್’ ಎಂಬ ಸಂಘ ಕಟ್ಟಿ ಕ್ಷೌರಿಕರಿಗೆ ಇಂಥ ಲಕ್ಷಣಗಳನ್ನು ಗುರುತಿಸುವ ತರಬೇತಿ ಕೊಡಿಸತೊಡಗಿದ್ದು ನನಗೆ ಓದಿ ಗೊತ್ತಿತ್ತು. ನಮ್ಮ ತರಬೇತಿಗೆ ಹನ್ನೊಂದು ಕ್ಷೌರದಂಗಡಿಯವರು, ನಾಲ್ಕು ಮೆಡಿಕಲ್ ಅಂಗಡಿಯವರು, ಕಾಯಿ ಕೀಳುವ ಆರು ಜನ ಬಂದರು. ಗಮನಿಸುವುದು, ನೇರವಾಗಿ ಕೇಳುವುದು, ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು, ಒಂಟಿಯಾಗಿ ಬಿಡದೆ ವೈದ್ಯರವರೆಗೆ ಮುಟ್ಟಿಸುವುದು, ಇಷ್ಟೇ ಅದರ ವಿಷಯ. ಹೋಗುವಾಗ ಎಲ್ಲರಿಗೂ ಟೆಲಿ ಮನಸ್‌ನ 14416 ನಂಬರು ಬರೆದ ಚಿಕ್ಕ ಬೋರ್ಡು ಕೊಟ್ಟೆವು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ನಿಮಗೇ ಅದು ಬೇಕಿದ್ದರೆ ದಯವಿಟ್ಟು ಇವತ್ತೇ ಮಾಡಿ. ಅಣ್ಣನಿಗೆ ಬುದ್ಧಿ ಹೇಳಿದ ನಾನು ನಿಮಗೆ ಬುದ್ಧಿ ಹೇಳುವುದಿಲ್ಲ, ಕರೆ ಮಾಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಲೆಕ್ಕವನ್ನು ಅತ್ತಿಗೆ ಬರೆಯುತ್ತಾರೆ. ಅಣ್ಣನ ಅಂಗಡಿಯ ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಅವನ ಕೈಬರಹ ಯೂರಿಯಾ, ಪೊಟ್ಯಾಷ್, ಉದ್ದರಿ ಎಂದು ನಿಂತಲ್ಲಿ ಎರಡು ಹಾಳೆ ಖಾಲಿ ಬಿಟ್ಟು ಅವರು ಶುರುಮಾಡಿದ್ದಾರೆ. ರೋಗಿಗಳ ಹೆಸರು ಬರೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಗುರುತಿದೆ, ಅದು ಅವರಿಗೂ ಜೊತೆಗಾರರಿಗೂ ಮಾತ್ರ ಗೊತ್ತು. ಮೊದಲ ಮಂಗಳವಾರದ ಸಾಲಿನಲ್ಲಿ ‘ಬಸ್ಸು ಇಬ್ಬರಿಗೆ, ಹೋಗಿ ಬರಲು, ಅರ್ಧ ದಿನದ ಕೂಲಿ’ ಎಂದಿದೆ. ಅದರ ಕೆಳಗೆ ನಾಲ್ಕು ವಾರ ಬಿಟ್ಟು ಅದೇ ಗುರುತು, ಅದೇ ಖರ್ಚು. ಮತ್ತೆ ನಾಲ್ಕು ವಾರ ಬಿಟ್ಟು ಮೂರನೇ ಸಲವೂ ಇದೆ. ಮೊನ್ನೆ ಊರಿಗೆ ಹೋದಾಗ ಪುಸ್ತಕ ತೆಗೆದು ನೋಡಿದೆ. ಆ ಗುರುತಿನ ಮುಂದೆ ಈ ತಿಂಗಳು ಬಸ್ಸಿನ ಚಾರ್ಜು ಮಾತ್ರ ಬರೆದು, ಕೂಲಿಯ ಜಾಗದಲ್ಲಿ ಅತ್ತಿಗೆ ‘ಬೇಡ ಅಂದರು’ ಎಂದು ಬರೆದಿದ್ದರು.